ಪುಟ್ಟ ಕಂಪ್ಯೂಟರ್ ಬೋರ್ಡ್‌ಗಳ ಬೆಲೆ ಏರಿಕೆ ಅನಿವಾರ್ಯವೇ?

ಪರ: ಮೆಮೊರಿ ತುಟ್ಟಿಯಾದರೆ ಬೋರ್ಡೂ ತುಟ್ಟಿ
(ಎಲೆಕ್ಟ್ರಾನಿಕ್ ಬಿಡಿಭಾಗಗಳ ವ್ಯಾಪಾರಿ, ಎಸ್.ಪಿ. ರಸ್ತೆ, ಬೆಂಗಳೂರು)

ರಾಸ್ಪ್‌ಬೆರಿ ಪೈ 5ರ ದರಪಟ್ಟಿಯನ್ನೇ ನೋಡಿ. 2025ರ ಡಿಸೆಂಬರ್‌ನಲ್ಲಿ 2 ಜಿಬಿ ಬೋರ್ಡ್‌ಗೆ 5 ಡಾಲರ್ ಏರಿತು, 4 ಜಿಬಿಗೆ 10, 8 ಜಿಬಿಗೆ 15, 16 ಜಿಬಿಗೆ 25. ಮೆಮೊರಿ ಹೆಚ್ಚಿದಂತೆ ಏರಿಕೆಯೂ ಹೆಚ್ಚಿದೆ. ಉಳಿದದ್ದೆಲ್ಲ ಹಿಂದಿನದೇ. ಬೋರ್ಡ್ ಮಾಡುವವರು ಲಾಭಕ್ಕಾಗಿ ಏರಿಸಿದರು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಮೆಮೊರಿ ತುಟ್ಟಿಯಾಗಲು ಎಐ ಡೇಟಾ ಸೆಂಟರ್‌ಗಳು ಕಾರಣ. ಅವುಗಳಿಗೆ ಬೇಕಾದ ಎಚ್‌ಬಿಎಂ ಮೆಮೊರಿಯನ್ನು ಪದರದ ಮೇಲೆ ಪದರ ಜೋಡಿಸಿ ಮಾಡುತ್ತಾರೆ. ಒಂದೊಂದು ಜಿಬಿಗೂ ಮಾಮೂಲಿ ಡಿಡಿಆರ್5ಗಿಂತ ಸುಮಾರು ಮೂರು ಪಟ್ಟು ವೇಫರ್ (ಚಿಪ್ ತಯಾರಿಸುವ ಸಿಲಿಕಾನ್ ಬಿಲ್ಲೆ) ಖರ್ಚಾಗುತ್ತದೆ. ಎರಡನೆಯದಾಗಿ, ಹೊಸ ಕಾರ್ಖಾನೆ ಕಟ್ಟಿ ಮಾಲು ಹೊರಗೆ ಬರಲು ವರ್ಷಗಳೇ ಬೇಕು. ಮೂರನೆಯದಾಗಿ, ನಮ್ಮಲ್ಲಿ ಡಾಲರ್ 90 ರೂಪಾಯಿ ದಾಟಿತು, ಅದರ ಮೇಲೆ ಶೇ 18 ಜಿಎಸ್‌ಟಿ. 2022–23ರಲ್ಲಿ ಬೆಲೆ ಕುಸಿದಾಗ ಮೆಮೊರಿ ಕಂಪನಿಗಳು ಉತ್ಪಾದನೆ ಕಡಿತ ಮಾಡಿದ್ದು ನಿಜ. ಆ ಕಡಿತ ಆಗಿರದಿದ್ದರೆ ಈಗ ಇಷ್ಟು ಬಿಸಿ ತಟ್ಟುತ್ತಿರಲಿಲ್ಲವೇನೋ. ಆದರೆ ನಷ್ಟ ಮಾಡಿಕೊಂಡು ಯಾರೂ ಮಾಲು ತಯಾರಿಸುವುದಿಲ್ಲ. ಬೇಡಿಕೆ ಇದ್ದು ಪೂರೈಕೆ ಇಲ್ಲದಾಗ ಬೆಲೆ ಏರಲೇಬೇಕು.

ವಿರೋಧ: ಪೂರೈಕೆಯ ಕೀಲಿ ಮೂವರ ಕೈಯಲ್ಲಿದೆ
(ಪಾಲಿಟೆಕ್ನಿಕ್ ಉಪನ್ಯಾಸಕಿ, ದಾವಣಗೆರೆ)

ಬೇಡಿಕೆ, ಪೂರೈಕೆ ಎಂದು ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ. ಪೂರೈಕೆ ಯಾರ ಹಿಡಿತದಲ್ಲಿದೆ ಎಂದು ಮಾತ್ರ ಕೇಳುವುದಿಲ್ಲ. ಜಗತ್ತಿನ ಡಿರ್ಯಾಮ್ ಮೆಮೊರಿಯಲ್ಲಿ ಸುಮಾರು ಶೇ 90ರಷ್ಟು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳದು. ಬರ ಬಂದು ಬೆಳೆ ಹೋದಂತೆ ಈ ಕೊರತೆ ಬಂದದ್ದಲ್ಲ. ಯಾವ ಮೆಮೊರಿ ಎಷ್ಟು ಮಾಡಬೇಕು, ಯಾರಿಗೆ ಮಾರಬೇಕು ಎಂದು ಇವರೇ ನಿರ್ಧರಿಸಿದರು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಬ್ರ್ಯಾಂಡ್ ನಿಲ್ಲಿಸುವುದಾಗಿ ಸಾರಿತು. ಅಂಗಡಿಗೆ ಬಂದು ಒಂದು ರ್ಯಾಮ್ ಕೊಳ್ಳುವ ಗಿರಾಕಿ ಇನ್ನು ಬೇಡ ಎಂದೇ ಅದರ ಅರ್ಥ.

ಇವರ ಚರಿತ್ರೆಯೂ ಗೊತ್ತಿರುವುದೇ. ಬೆಲೆ ಒಳಒಪ್ಪಂದದ ಪ್ರಕರಣದಲ್ಲಿ 2005ರಲ್ಲಿ ಅಮೆರಿಕದಲ್ಲಿ ಸ್ಯಾಮ್‌ಸಂಗ್ ತಪ್ಪೊಪ್ಪಿಕೊಂಡು 30 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು, ಹೈನಿಕ್ಸ್ 18.5 ಕೋಟಿಗೆ. 2010ರಲ್ಲಿ ಐರೋಪ್ಯ ಆಯೋಗವೂ ದಂಡ ಹಾಕಿತು. ಗುಟ್ಟು ಬಿಟ್ಟುಕೊಟ್ಟ ಮೈಕ್ರಾನ್‌ಗೆ ವಿನಾಯಿತಿ ಸಿಕ್ಕಿತು. ಈಗಲೂ ಹಾಗೇ ನಡೆಯುತ್ತಿದೆ ಎನ್ನಲು ನನ್ನ ಬಳಿ ಪುರಾವೆ ಇಲ್ಲ. ಆದರೆ ಮೂವರೇ ಇರುವ ಕಣದಲ್ಲಿ ಒಪ್ಪಂದವೇ ಬೇಕಾಗಿಲ್ಲ. ಒಬ್ಬರು ಉತ್ಪಾದನೆ ಇಳಿಸಿದ್ದನ್ನು ಇನ್ನಿಬ್ಬರು ಗಮನಿಸಿದರೆ ಸಾಕು.

ಇದರ ಪೆಟ್ಟು ಬೀಳುವುದು ನಮ್ಮ ಲ್ಯಾಬಿನ ಮೇಜಿನ ಮೇಲೆ. ಪೈ 5ರಲ್ಲಿ ಪ್ರೊಸೆಸರ್ ಪಕ್ಕದ ಕಪ್ಪು ಚೌಕವೇ ಮೆಮೊರಿ. ಅದನ್ನು ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ಇವತ್ತು 2 ಜಿಬಿ ಕೊಂಡವರು ಮುಂದೆ ಕೈಯಲ್ಲಿ ದುಡ್ಡಾದಾಗ ಅದನ್ನು 4 ಮಾಡಿಕೊಳ್ಳಲಾರರು. ಚನ್ನಗಿರಿ ಕಡೆಯ ಹುಡುಗರು ಕ್ಯಾಮೆರಾದಿಂದ ಅಡಿಕೆ ಗ್ರೇಡ್ ಮಾಡುವ ಪ್ರಾಜೆಕ್ಟ್ ಹಿಡಿದುಕೊಂಡು ಬಂದು, "ಮೇಡಂ, ಎರಡು ಜಿಬಿಲೇ ಆಗುತ್ತಾ?" ಅಂತ ಮೊದಲು ಕೇಳುತ್ತಾರೆ. ಪ್ರಾಜೆಕ್ಟ್ ಏನು ಮಾಡಬೇಕು ಎಂಬ ಚರ್ಚೆಗಿಂತ ಮುಂಚೆಯೇ ದುಡ್ಡಿನ ಮಾತು ಮುಗಿಯಬೇಕು. ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಅಗ್ಗಕ್ಕೆ ಸಿಗುತ್ತದಲ್ಲ, ಅದಕ್ಕೆ ಬೇರೆ ಮೆಮೊರಿ ಚಿಪ್ ಬೇಡವಲ್ಲ ಎನ್ನುವವರಿದ್ದಾರೆ. ತೋಟದ ಪಂಪ್ ಆನ್ ಆಫ್ ಮಾಡಲು ಅದು ಧಾರಾಳ ಸಾಕು. ಅದರಲ್ಲಿ ಮಕ್ಕಳಿಗೆ ಲಿನಕ್ಸ್ ಕಲಿಸಲು ಆಗುವುದಿಲ್ಲ.

2012ರಲ್ಲಿ 35 ಡಾಲರ್ ಪೈ ಬಂದದ್ದೇ ಮಕ್ಕಳು ಪ್ರೋಗ್ರಾಮಿಂಗ್ ಕಲಿಯಲಿ ಎಂದು. ಬೋರ್ಡ್ ಕಂಪನಿಯವರು ಮೆಮೊರಿ ಸಿಗುವ ಬೆಲೆಗೇ ಕೊಳ್ಳಬೇಕು, ಅದನ್ನು ಒಪ್ಪುತ್ತೇನೆ. ಆದರೆ ಏರಿಕೆಯೆಲ್ಲ ಮೆಮೊರಿಯ ಲೆಕ್ಕವೇ ಎನ್ನುವವರು 2021 ನೆನಪಿಸಿಕೊಳ್ಳಲಿ. ಆ ಅಕ್ಟೋಬರ್‌ನಲ್ಲಿ ಪೈ 4ರ 2 ಜಿಬಿ ಬೋರ್ಡ್ 35ರಿಂದ 45 ಡಾಲರ್‌ಗೆ ಏರಿದಾಗ ಚಿಪ್ ಕೊರತೆಯ ಕಾರಣ ಕೊಟ್ಟರು. ಕೊರತೆ ಕಳೆಯಿತು, 2023ರಲ್ಲಿ ಮೆಮೊರಿ ಬೆಲೆ ನೆಲಕಚ್ಚಿತು. ಬೋರ್ಡ್ ಮಾತ್ರ 35ಕ್ಕೆ ಇಳಿಯಲಿಲ್ಲ.