ಬದುಕಿದ್ದಾಗ ಸೋಗುಗಾರ, ಸತ್ತ ಮೇಲೆ ಸಂತ

ಅಮೆರಿಕದ ಬೇಸ್‌ಬಾಲ್ ಒಡೆಯರು ವರ್ಷಕ್ಕೊಮ್ಮೆ ರೊಬೆರ್ತೊ ಕ್ಲೆಮೆಂತೆಯ ಹೆಸರಿನಲ್ಲಿ ಒಂದು ಬಹುಮಾನ ಕೊಡುತ್ತಾರೆ. ಆಟದ ಜೊತೆಗೆ ನಾಲ್ಕು ಜನಕ್ಕೆ ಉಪಕಾರ ಮಾಡಿದ ಆಟಗಾರನಿಗೆ ಅದು ಸಲ್ಲುತ್ತದೆ. ಅಂದು ಭಾಷಣಗಳಾಗುತ್ತವೆ. ಕ್ಲೆಮೆಂತೆ ಉದಾರಿ, ಕ್ಲೆಮೆಂತೆ ಸಂತ, ಪರರಿಗಾಗಿ ಪ್ರಾಣ ಕೊಟ್ಟ ಪುಣ್ಯಾತ್ಮ! ಈ ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಅರ್ಧವನ್ನಷ್ಟೇ ಹೇಳಿ ಮಿಕ್ಕರ್ಧವನ್ನು ನುಂಗಿದ್ದಾರೆ. ಆ ನುಂಗಿದ ಅರ್ಧದ ಲೆಕ್ಕ ಕೇಳುವುದೇ ಇಂದು ನಮ್ಮ ಕೆಲಸ.

ಬೇಸ್‌ಬಾಲನ್ನು ನಮ್ಮ ಓದುಗರಲ್ಲಿ ಬಹಳ ಮಂದಿ ಕಂಡಿರಲಾರರು. ಕ್ರಿಕೆಟ್ಟಿನ ದಾಯಾದಿ ಎಂದುಕೊಂಡರೆ ಸಾಕು. ದುಂಡನೆಯ ದೊಣ್ಣೆಯಿಂದ ಚೆಂಡು ಹೊಡೆದು ಓಡಬೇಕು. ಹತ್ತು ಸಲಕ್ಕೆ ಮೂರು ಸಲ ಸರಿಯಾಗಿ ಹೊಡೆದವನು ಘಟಾನುಘಟಿ ಎನಿಸಿಕೊಳ್ಳುತ್ತಾನೆ. ಕ್ಲೆಮೆಂತೆಯ 18 ವರ್ಷಗಳ ಸರಾಸರಿ ಅದಕ್ಕೂ ಮೇಲೆ. ಚೆಂಡು ತಡೆದು ಎಸೆಯುವುದರಲ್ಲಂತೂ ಸತತ 12 ವರ್ಷ ಚಿನ್ನದ ಗವಸಿನ ಬಹುಮಾನ ಆತನದೇ. 1972ರ ಸೆಪ್ಟೆಂಬರ್ 30ರಂದು ಮೂರು ಸಾವಿರನೆಯ ಹೊಡೆತ ಹೊಡೆದ. ಅದೇ ಕೊನೆಯದೆಂದು ಆಗ ಯಾರಿಗೆ ಗೊತ್ತಿತ್ತು?

ಹುಟ್ಟಿದ್ದು 1934ರ ಆಗಸ್ಟ್ 18ರಂದು, ಪೋರ್ಟೊ ರಿಕೊ ದ್ವೀಪದ ಕರೊಲಿನಾದಲ್ಲಿ. ತಂದೆ ಮೆಲ್ಚೊರ್ ಕಬ್ಬಿನ ಗದ್ದೆಯ ಆಳುಗಳ ಮುಕಾದಮ. ಆ ದ್ವೀಪ 1898ರಿಂದ ಅಮೆರಿಕದ ಕೈಕೆಳಗೆ. ಅಲ್ಲಿಯ ಜನ ಅಮೆರಿಕದ ಪ್ರಜೆಗಳು ಹೌದು, ಆದರೆ ದ್ವೀಪದಲ್ಲಿದ್ದುಕೊಂಡು ಅಮೆರಿಕದ ಅಧ್ಯಕ್ಷನಿಗೆ ಓಟು ಹಾಕುವಂತಿಲ್ಲ. ಹುಡುಗ ಕಪ್ಪು, ಮಾತು ಸ್ಪ್ಯಾನಿಷ್. ಹೀಗೆ ಎರಡು ಅಪರಾಧಗಳನ್ನು ಹೊತ್ತುಕೊಂಡೇ 1955ರಲ್ಲಿ ಉಕ್ಕಿನ ಊರಾದ ಪಿಟ್ಸ್‌ಬರ್ಗಿನ ಪೈರೇಟ್ಸ್ ತಂಡಕ್ಕೆ ಆಡಲು ಇಳಿದ. ಅವರು ಆತನನ್ನು ಬೇರೊಂದು ತಂಡದಿಂದ 4,000 ಡಾಲರಿಗೆ ಎತ್ತಿಕೊಂಡಿದ್ದರು. ಸಂತೆಯ ಮಾತಲ್ಲ ಇದು, ಆಟದ ಕಾಯಿದೆಯೇ ಹಾಗಿತ್ತು.

ಮೊದಲು ಕಿತ್ತುಕೊಂಡದ್ದು ಹೆಸರನ್ನು. ರೊಬೆರ್ತೊ ಎಂದರೆ ನಾಲಿಗೆ ಹೊರಳುವುದಿಲ್ಲವೆಂದು 'ಬಾಬ್' ಎಂದು ಕರೆದರು. ಆಟಗಾರರ ಚಿತ್ರದ ಚೀಟಿಗಳಲ್ಲೂ ವರ್ಷಗಟ್ಟಲೆ ಬಾಬ್ ಎಂದೇ ಅಚ್ಚು ಹಾಕಿದರು. ನನ್ನ ಹೆಸರು ರೊಬೆರ್ತೊ ಎಂದು ಆತ ಹೇಳುತ್ತಲೇ ಇದ್ದ. ಶಾಲೆಯಲ್ಲಿ ಹಾಜರಿ ಕೂಗಿದ ಅನುಭವವುಳ್ಳ ನಮಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಹೆಸರನ್ನು ತಪ್ಪಾಗಿ ಕರೆದರೆ ಸಾಹುಕಾರನ ಮಗ ಎದ್ದುನಿಂತು ತಿದ್ದುತ್ತಾನೆ, ಆಳಿನ ಮಗ ಅದಕ್ಕೇ 'ಹಾಜರ್' ಎಂದು ಕೂತುಬಿಡುತ್ತಾನೆ. ಈತ ಆಳಿನ ಮಗನಂತೆ ಕೂರಲಿಲ್ಲ. ಅದೇ ಅವರಿಗೆ ಸೊಕ್ಕಾಗಿ ಕಂಡಿತು. ಆತನ ಇಂಗ್ಲಿಷಿನ ಉಚ್ಚಾರವನ್ನು ಅಕ್ಷರಕ್ಕಕ್ಷರ ವಕ್ರವಾಗಿ ಬರೆದು ಪತ್ರಿಕೆಗಳು ನಗೆಯಾಡಿದವು. ಸ್ಪ್ಯಾನಿಷಿನಲ್ಲಿ ಒಂದು ವಾಕ್ಯ ಆಡಬಲ್ಲ ವರದಿಗಾರರು ಆ ಪೈಕಿ ಎಷ್ಟು ಮಂದಿ ಇದ್ದರೋ! ಸತ್ತ ಮೇಲೂ ಬಿಡಲಿಲ್ಲ. 1973ರಲ್ಲಿ ಕೀರ್ತಿಭವನದಲ್ಲಿ ಹಾಕಿದ ಫಲಕದಲ್ಲಿ ತಾಯಿಯ ಮನೆತನದ ಹೆಸರನ್ನು ತಂದೆಯ ಮನೆತನದ ಹೆಸರಿಗಿಂತ ಮುಂದೆ ಕೆತ್ತಿ ತಲೆಕೆಳಗು ಮಾಡಿದರು. ಅದನ್ನು ತಿದ್ದಿದ್ದು 2000ದಲ್ಲಿ. ಒಂದು ಹೆಸರನ್ನು ನೆಟ್ಟಗೆ ಬರೆಯಲು 27 ವರ್ಷ ಬೇಕಾಯಿತು.

ಎರಡನೆಯ ಆರೋಪ ನಮ್ಮ ಗಿರಣಿಯ ಬಂಧುಗಳಿಗೆ ಪರಿಚಿತವಾದದ್ದೇ. 1954ರಲ್ಲಿ ಕಾರಿನ ಅಪಘಾತವೊಂದರಲ್ಲಿ ಆತನ ಬೆನ್ನುಮೂಳೆಗೆ ಪೆಟ್ಟಾಗಿತ್ತು. ಆ ನೋವು ಬದುಕಿನುದ್ದಕ್ಕೂ ಬಿಡಲಿಲ್ಲ. ಬೆನ್ನು ನೋವೆಂದರೆ ಸೋಗು ಎಂದರು. ಮಲೇರಿಯಾ ಬಂದು ಬಳಲಿದರೂ ನೆಪ ಹುಡುಕುವವನೆಂಬ ಹೆಸರು ತಪ್ಪಲಿಲ್ಲ. ಪಾಳಿಗೆ ಬರಲಾಗದೆ ಡಾಕ್ಟರ ಚೀಟಿ ಹಿಡಿದು ಗೇಟಿನಲ್ಲಿ ನಿಂತವನ ಮುಖವನ್ನು ಮೇಲಿನವರು ಹೇಗೆ ನೋಡುತ್ತಾರೆ ಎಂಬುದನ್ನು ನಾವು ವಿವರಿಸಬೇಕಾಗಿಲ್ಲ. ಈ 'ಸೋಗುಗಾರ' ಆ ತಂಡಕ್ಕಾಗಿ ಆಡಿದ ಪಂದ್ಯಗಳು 2,433. ಆ ತಂಡದ ಚರಿತ್ರೆಯಲ್ಲಿ ಅದಕ್ಕಿಂತ ಹೆಚ್ಚು ಆಡಿದವರು ಯಾರೂ ಇಲ್ಲ.

1960ರಲ್ಲಿ ಪೈರೇಟ್ಸ್ ವಿಶ್ವ ಸರಣಿ ಗೆದ್ದಾಗ ಏಳು ಪಂದ್ಯಗಳಲ್ಲೂ ಆತನ ಹೊಡೆತವಿತ್ತು. ವರ್ಷದ ಶ್ರೇಷ್ಠ ಆಟಗಾರನನ್ನು ಆರಿಸುವ ವರದಿಗಾರರು ಆತನನ್ನು ಎಂಟನೆಯ ಸ್ಥಾನಕ್ಕೆ ತಳ್ಳಿದರು. 1966ರಲ್ಲಿ ಕೊಡದೆ ವಿಧಿಯಿಲ್ಲವಾಯಿತು, ಕೊಟ್ಟರು.

ಫ್ಲಾರಿಡಾದ ವಸಂತ ಶಿಬಿರಗಳ ಕಥೆ ಇನ್ನೂ ಹೇಯ. ಬಿಳಿಯ ಆಟಗಾರರಿಗೆ ಹೋಟೆಲು, ಕಪ್ಪು ಆಟಗಾರರಿಗೆ ಊರಾಚೆಯ ಕಪ್ಪು ಜನರ ಕೇರಿಯಲ್ಲಿ ವಸತಿ. ದಾರಿಯಲ್ಲಿ ಬಸ್ಸು ನಿಂತರೆ ಬಿಳಿಯರು ಒಳಗೆ ಹೋಗಿ ಉಣ್ಣುತ್ತಾರೆ, ಕಪ್ಪು ಆಟಗಾರರು ಬಸ್ಸಿನಲ್ಲೇ ಕಾಯಬೇಕು, ಯಾರಾದರೂ ಪೊಟ್ಟಣ ತಂದುಕೊಟ್ಟರೆ ಉಂಟು. ಒಂದೇ ತಂಡ, ಒಂದೇ ಅಂಗಿ, ಊಟ ಬೇರೆ! ಈ ಪಂಕ್ತಿಭೇದವನ್ನು ಬಲ್ಲದ ಊರು ನಮ್ಮ ನಾಡಿನಲ್ಲಿ ಯಾವುದಿದೆ? ಬಸ್ಸಿನಲ್ಲಿ ಭಿಕ್ಷುಕರಂತೆ ಕೂರುವುದಿಲ್ಲ, ನಮಗೆ ಬೇರೆ ವಾಹನ ಕೊಡಿ ಎಂದು ಕ್ಲೆಮೆಂತೆ ಹಟ ಹಿಡಿದ, ಪಡೆದ.

ಹೊಗಳುಭಟರು ಮರೆಯುವ ಎರಡು ಸಂಗತಿಗಳಿವೆ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. 8ರಂದು ಹ್ಯೂಸ್ಟನ್ನಿನಲ್ಲಿ ಪಂದ್ಯ, 9ರಂದು ಕಿಂಗರ ಅಂತ್ಯಕ್ರಿಯೆ. ಮಣ್ಣಾಗುವ ತನಕ ಆಡುವುದಿಲ್ಲವೆಂದು ಪೈರೇಟ್ಸ್ ಆಟಗಾರರು ನಿಂತರು. ಮುಂದೆ ನಿಂತವನು ಕ್ಲೆಮೆಂತೆ. ಆ ತಂಡದಲ್ಲಿ 11 ಮಂದಿ ಕಪ್ಪು ಆಟಗಾರರಿದ್ದರು, ಆದರೆ ಬಿಳಿಯರೂ ಜೊತೆಗೂಡಿದರು ಎಂಬುದನ್ನು ಗಮನಿಸಬೇಕು. ಒಡೆಯರು ಬಗ್ಗಿದರು, ಎಲ್ಲ ಪಂದ್ಯಗಳೂ 10ಕ್ಕೆ ಹೋದವು. ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ ಎಂದು ಕೇಳುವ ಮಹಾಶಯರು ಇದಕ್ಕೆ ಉತ್ತರ ಕೊಡಲಿ.

ಎರಡನೆಯದು ಸಂಘದ ಮಾತು. ಆಗಿನ ಕರಾರಿನ ಪ್ರಕಾರ ಆಟಗಾರ ಒಮ್ಮೆ ರುಜು ಹಾಕಿದರೆ ಮುಗಿಯಿತು. ಒಡೆಯ ಇಟ್ಟುಕೊಳ್ಳಬಹುದು, ಮಾರಬಹುದು. ಆಟಗಾರ ಮಾತ್ರ ತಾನಾಗಿ ಇನ್ನೊಬ್ಬನ ಬಳಿಗೆ ಹೋಗುವಂತಿಲ್ಲ. ಸಾಲದ ಮುಂಗಡ ತೀರದ ಜೀತದಾಳಿಗೂ ಇವನಿಗೂ ಪಗಾರದಲ್ಲಿ ವ್ಯತ್ಯಾಸವಿರಬಹುದು, ಕಟ್ಟಿನಲ್ಲಿ ಇಲ್ಲ. 1969ರಲ್ಲಿ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ, ನನ್ನನ್ನು ಮಾರುವ ಹಕ್ಕು ನಿಮಗಿಲ್ಲ ಎಂದು ಮೊಕದ್ದಮೆಗೆ ಸಿದ್ಧನಾದ. ಅದೇ ಡಿಸೆಂಬರಿನಲ್ಲಿ ಪೋರ್ಟೊ ರಿಕೊದ ಸಾನ್ ಹ್ವಾನ್‌ನಲ್ಲಿ ಆಟಗಾರರ ಸಂಘದ ಪ್ರತಿನಿಧಿಗಳು ಸೇರಿ ಫ್ಲಡ್‌ನ ಬೆನ್ನಿಗೆ ನಿಲ್ಲುವುದಾಗಿ ನಿರ್ಣಯಿಸಿದರು. ಪೈರೇಟ್ಸ್ ಪರವಾಗಿ ಆ ಸಭೆಯಲ್ಲಿದ್ದವನು ಕ್ಲೆಮೆಂತೆ. ಆಗ ಆತ ದೊಡ್ಡ ಪಗಾರದ ಆಟಗಾರ, ತನ್ನ ಪಾಡಿಗೆ ತಾನಿರಬಹುದಿತ್ತು. ಫ್ಲಡ್ 1972ರಲ್ಲಿ ಸೋತ. ಆ ಕಟ್ಟು ಹರಿದದ್ದು 1975ರಲ್ಲಿ, ಕ್ಲೆಮೆಂತೆ ನೋಡಲು ಉಳಿದಿರಲಿಲ್ಲ.

1971ರ ವಿಶ್ವ ಸರಣಿಯಲ್ಲಿ ಆತನಿಗೆ 37 ವರ್ಷ. ಸರಣಿಯ ಶ್ರೇಷ್ಠನೆಂದು ಆತನನ್ನೇ ಆರಿಸಿದರು. ದೂರದರ್ಶನದ ಮುಂದೆ ನಿಂತು ಮೊದಲು ಆಡಿದ್ದು ಸ್ಪ್ಯಾನಿಷಿನಲ್ಲಿ, ತಂದೆತಾಯಿಗಳ ಆಶೀರ್ವಾದ ಬೇಡಿ. ನಕ್ಕ ಪತ್ರಿಕೆಗಳು ಅಂದು ನಗಲಿಲ್ಲ.

ಇನ್ನು ಸಾವಿನ ವಿಚಾರ. 1972ರ ಡಿಸೆಂಬರ್ 23ರಂದು ನಿಕರಾಗುವಾದ ಮನಾಗುವಾ ನಗರ ಭೂಕಂಪದಿಂದ ನೆಲಕಚ್ಚಿತು. ಸಾವಿರಾರು ಜನ ಸತ್ತರು. ಕೆಲವೇ ವಾರಗಳ ಹಿಂದೆ ಆತ ಅಲ್ಲಿಗೆ ತಂಡ ಕರೆದುಕೊಂಡು ಹೋಗಿದ್ದ. ಕೂಡಲೇ ಸಾಮಾನು ಕೂಡಿಸಿ ಕಳಿಸಿದ. ಆ ದೇಶವನ್ನು ಆಳುತ್ತಿದ್ದವನು ಸರ್ವಾಧಿಕಾರಿ ಸೊಮೊಸಾ. ಹಸಿದವರಿಗೆ ಬಂದದ್ದು ಅವನ ಪಡೆಯವರ ಪಾಲಾಗುತ್ತಿದೆಯೆಂಬ ಸುದ್ದಿ ಬಂತು. ನಾನೇ ಹೋಗಿ ಕೈಯಾರೆ ಹಂಚುತ್ತೇನೆ ಎಂದು 31ರ ರಾತ್ರಿ ಕ್ಲೆಮೆಂತೆ ವಿಮಾನ ಹತ್ತಿದ. ಹಾರಿದ ಸ್ವಲ್ಪ ಹೊತ್ತಿಗೆ ಅದು ಕಡಲಿಗೆ ಬಿತ್ತು. ಐವರೂ ಸತ್ತರು. ಕ್ಲೆಮೆಂತೆಯ ದೇಹ ಸಿಗಲೇ ಇಲ್ಲ. ಮನೆಯಲ್ಲಿ ಹೆಂಡತಿ ವೆರಾ, ಮೂವರು ಎಳೆಯ ಮಕ್ಕಳು.

ವಿಧಿ ಎನ್ನುತ್ತಾರೆ. ಯಾವ ವಿಧಿ? ಆ ಹಳೆಯ ವಿಮಾನ ಅದೇ ಡಿಸೆಂಬರ್ 2ರಂದು ಅಪಘಾತಕ್ಕೀಡಾಗಿತ್ತು. ಹೊರಬಹುದಾದ ಭಾರಕ್ಕಿಂತ 4,193 ಪೌಂಡು, ಎಂದರೆ ಸುಮಾರು 19 ಕ್ವಿಂಟಲ್ ಹೆಚ್ಚು ಹೇರಿದ್ದರು. ಇಂಥ ವಿಮಾನಕ್ಕೆ ಬೇಕಾದ ಸಿಬ್ಬಂದಿ ಇರಲಿಲ್ಲ. ಮೇಲ್ವಿಚಾರಣೆಗೆಂದೇ ಒಂದು ಸರ್ಕಾರಿ ಇಲಾಖೆಯಿತ್ತು. ತೂಕದ ಕಲ್ಲಿಗೆ ಮುದ್ರೆಯಿಲ್ಲವೆಂದು ಕಿರಾಣಿ ಅಂಗಡಿಯವನಿಗೆ ದಂಡ ಹಾಕಬಲ್ಲ ಸರ್ಕಾರಗಳಿಗೆ 19 ಕ್ವಿಂಟಲ್ ಕಣ್ಣಿಗೆ ಬೀಳುವುದಿಲ್ಲ!

ವೆರಾ ಮತ್ತು ಸತ್ತ ಇತರರ ಮನೆಯವರು ಸರ್ಕಾರದ ಮೇಲೆ ದಾವೆ ಹೂಡಿದರು. ಇಲಾಖೆಯದೇ ಲೋಪ ಎಂದು ಕೆಳಗಿನ ನ್ಯಾಯಾಲಯ ಒಪ್ಪಿತು. 1977ರಲ್ಲಿ ಮೇಲಿನ ನ್ಯಾಯಾಲಯ, ಪ್ರಯಾಣಿಕರನ್ನು ಎಚ್ಚರಿಸುವ ಹೊಣೆ ಇಲಾಖೆಗಿರಲಿಲ್ಲ ಎಂದು ಆ ತೀರ್ಪನ್ನು ತಳ್ಳಿಹಾಕಿತು. ಸುಪ್ರೀಂ ಕೋರ್ಟು 1978ರಲ್ಲಿ ಅಹವಾಲನ್ನು ಕೇಳಲೂ ಒಪ್ಪಲಿಲ್ಲ. ಬಹುಮಾನ ಕೊಡುವ ದಿನದ ಭಾಷಣಗಳಲ್ಲಿ ಈ ಮೊಕದ್ದಮೆಗೂ ಜಾಗವಿರಲಿ ಎಂದು ನಾವು ಕೇಳುತ್ತೇವೆ, ಸಾನ್ ಹ್ವಾನ್ ಸಭೆಯ ನಿರ್ಣಯಕ್ಕೂ ಇರಲಿ.