ತೂತು ಚಿಕ್ಕದು, ಆಪರೇಷನ್ ಚಿಕ್ಕದಲ್ಲ

ಮೊನ್ನೆ ಚಿಕ್ಕಮ್ಮನ ಮನೆಯಲ್ಲಿ ದೊಡ್ಡ ಮೀಟಿಂಗು. ಚಿಕ್ಕಮ್ಮನಿಗೆ 42 ವರ್ಷ, ಸ್ತನ ಕ್ಯಾನ್ಸರ್. ಕೀಮೋ ಮುಗಿದಿದೆ, ಈಗ ಅಂಡಾಶಯ ತೆಗೆಸುವ ಮಾತು ಬಂದಿದೆ. ನಮ್ಮ ಮಾವ (ಗೂಗಲ್ ಪಂಡಿತರು) ತೀರ್ಪು ಕೊಟ್ಟೇಬಿಟ್ಟರು: "ಲ್ಯಾಪ್ರೋಸ್ಕೋಪಿ ಕಣೇ, ಮೂರು ತೂತು ಅಷ್ಟೆ. ನಾಳೆ ಹೋದ್ರೆ ನಾಡಿದ್ದು ಮನೆ!" ಅತ್ತೆಯದು ಇನ್ನೊಂದು ರಾಗ: "ಹೊಟ್ಟೆಗೆ ಗ್ಯಾಸ್ ತುಂಬಿದ್ರೆ ಕ್ಯಾನ್ಸರ್ ಎಲ್ಲಾ ಕಡೆ ಹರಡುತ್ತಂತೆ." ಚಿಕ್ಕಮ್ಮನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಅತ್ತೆಯ ಭಯಕ್ಕೆ ಉತ್ತರ ಸುಲಭ. ಅಂಡಾಶಯದಲ್ಲಿ ಗಡ್ಡೆಯೇ ಇಲ್ಲದಾಗ ಗ್ಯಾಸಿನಿಂದ ಎದೆಯ ಕ್ಯಾನ್ಸರ್ ಹರಡುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ತುಂಬುವುದು ಇಂಗಾಲದ ಡೈಆಕ್ಸೈಡ್; ಒಂದೆರಡು ದಿನ ಭುಜ ನೋಯಬಹುದು. ಹೊಟ್ಟೆ ಕೊಯ್ಯುವುದಕ್ಕಿಂತ ನೋವು ಕಡಿಮೆ, ಚೇತರಿಕೆ ಬೇಗ. ಅಪರೂಪಕ್ಕೆ ಕರುಳಿಗೋ ಮೂತ್ರಕೋಶಕ್ಕೋ ರಕ್ತನಾಳಕ್ಕೋ ಪೆಟ್ಟಾಗುತ್ತದೆ, ಆಗ ಹೊಟ್ಟೆ ತೆರೆಯಲೇಬೇಕಾಗಬಹುದು. ಟ್ಯಾಮಾಕ್ಸಿಫೆನ್ ತಿನ್ನುತ್ತಿದ್ದರೆ ಮೊದಲೇ ಹೇಳಬೇಕು, ರಕ್ತ ಹೆಪ್ಪುಗಟ್ಟುವ ಅಪಾಯ ಅದರಿಂದ ಹೆಚ್ಚುತ್ತದೆ.

ನನ್ನ ಜಗಳ ಇರುವುದು ಮಾವನ ಜೊತೆ. ತೂತಿನ ಅಳತೆ ನೋಡಿ ಆಪರೇಷನ್ ಅಳೆಯುವುದು ಯಾವ ಲೆಕ್ಕ ಸ್ವಾಮಿ? 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್, ಅಂಡಾಶಯ ತೆಗೆದರೆ ಎದೆಯ ಗಡ್ಡೆ ಕರಗಬಹುದು ಅಂತ ವರದಿ ಮಾಡಿದಾಗ ಯಾರಿಗೂ ಕಾರಣ ಗೊತ್ತಿರಲಿಲ್ಲ. ಈಗ ಗೊತ್ತು: ಕೆಲವು ಗಡ್ಡೆಗಳಿಗೆ ಈಸ್ಟ್ರೋಜನ್ನೇ ಊಟ. ಹಾರ್ಮೋನ್ ರಿಸೆಪ್ಟರ್ ಪಾಸಿಟಿವ್ ಅಲ್ಲದಿದ್ದರೆ ಈ ಉಪಾಯದಿಂದ ಪ್ರಯೋಜನವಿಲ್ಲ. (ಬಿಆರ್‌ಸಿಎ ಜೀನ್ ದೋಷ ಇದ್ದವರ ಲೆಕ್ಕ ಬೇರೆ. ಅಂಡಾಶಯದ ಕ್ಯಾನ್ಸರಿನ ಭಯಕ್ಕೆ ಅವರಿಗೆ ನಾಳಗಳನ್ನೂ ಸೇರಿಸಿ ತೆಗೆಯುತ್ತಾರೆ.)

ತೆಗೆದ ಮೇಲೆ? ಹತ್ತು ವರ್ಷದಲ್ಲಿ ನಿಧಾನಕ್ಕೆ ಬರಬೇಕಾದ ಮುಟ್ಟುನಿಲ್ಲುವಿಕೆ ಒಂದೇ ರಾತ್ರಿಯಲ್ಲಿ ಬರುತ್ತದೆ. ಮೈ ಬೆಂಕಿ, ನಿದ್ದೆ ಇಲ್ಲ, ಮೂಳೆ ಸವೆತ, ಹೃದಯದ ತೊಂದರೆಯ ಸಾಧ್ಯತೆ. ಬೇರೆ ಹೆಂಗಸರಿಗೆ ಕೊಡುವ ಹಾರ್ಮೋನ್ ಮಾತ್ರೆಯನ್ನು ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದಕ್ಕೆ ರೋಲ್‌ಬ್ಯಾಕ್ ಇಲ್ಲ. ಡಿಸೇಬಲ್ ಮಾಡುವ ದಾರಿ ಇದೆ, ಗೋಸೆರೆಲಿನ್ ಇಂಜೆಕ್ಷನ್, 28 ದಿನಕ್ಕೊಮ್ಮೆ. ಬೇನೆಗಳು ಅವೇ, ಆದರೆ ತಡೆಯಲಾಗದಿದ್ದರೆ ನಿಲ್ಲಿಸಬಹುದು. ಈ ಮಾತು ಆ ಮೀಟಿಂಗಿನಲ್ಲಿ ಬರಲೇ ಇಲ್ಲ!

ಹಾಗಂತ ಆಪರೇಷನ್ ಬೇಡ ಅನ್ನುತ್ತಿಲ್ಲ. ವರ್ಷಗಟ್ಟಲೆ ಪ್ರತಿ ತಿಂಗಳು ಬಸ್ಸು ಹತ್ತಿ ಸೂಜಿ ಚುಚ್ಚಿಸಿಕೊಳ್ಳುವುದು, ದುಡ್ಡು ಹೊಂದಿಸುವುದು ಎಲ್ಲರಿಗೂ ಆಗದು. ವಿಯೆಟ್ನಾಂ ಮತ್ತು ಚೀನಾದ 709 ಹೆಂಗಸರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಡಾಶಯ ತೆಗೆದು ಟ್ಯಾಮಾಕ್ಸಿಫೆನ್ ಕೊಟ್ಟವರು ಹೆಚ್ಚು ಮಂದಿ ಬದುಕುಳಿದರು. ಒಮ್ಮೆ ಮಾಡಿಸಿ ಮುಗಿಸೋಣ ಅಂತ ಅವಳೇ ಹೇಳಿದರೆ ಸರಿ. ಮಾರನೇ ದಿನ ಮನೆಗೆ ಬರಬಹುದು ಅಂತ ಮಾವ ಹೇಳಿದರೆ ಸಾಲದು.

ರಾತ್ರಿ ಪಾತ್ರೆ ತೊಳೆಯುತ್ತಾ ಚಿಕ್ಕಮ್ಮ ಮೆಲ್ಲಗೆ ಕೇಳಿದಳು, "ನನ್ನ ಮೂಳೆ ಎಷ್ಟು ಗಟ್ಟಿ ಇದೆ ಅಂತ ಮೊದಲೇ ನೋಡೋಕಾಗುತ್ತೇನೋ?" ಡೆಕ್ಸಾ ಸ್ಕ್ಯಾನ್ ಸೋಮವಾರ ಇದೆ. ನಾವಿಬ್ಬರೇ ಹೋಗ್ತಿದ್ದೀವಿ, ಮಾವನಿಗೆ ಇನ್ನೂ ಹೇಳಿಲ್ಲ.