ಅಟ್ಟ ಸೇರಿದ ಗೆಜ್ಜೆ

ಮಗಳು ಹತ್ತನೇ ತರಗತಿಗೆ ಬಂದಾಗ ಅವಳ ಗೆಜ್ಜೆಯನ್ನು ಅಟ್ಟಕ್ಕೆ ಹಾಕಿದವಳು ನಾನೇ. "ಪರೀಕ್ಷೆ ಮುಗಿಯಲಿ" ಎಂದೆ. ಗೆಜ್ಜೆ ಮತ್ತೆ ಕೆಳಗಿಳಿಯಲಿಲ್ಲ. ತಪ್ಪು ನನ್ನದು, ಆದರೆ ಆ ತಪ್ಪನ್ನು ನನಗೆ ಕಲಿಸಿದ್ದು ಶಾಲೆ.

ನೃತ್ಯಕ್ಕೆ ಸಮಯವಿಲ್ಲ ಎನ್ನುವ ಶಾಲೆಗಳೇ ವಾರ್ಷಿಕೋತ್ಸವ ಬಂತೆಂದರೆ ಪಾಠ ನಿಲ್ಲಿಸಿ ಮಕ್ಕಳನ್ನು ಸಿನಿಮಾ ಹಾಡಿಗೆ ಕುಣಿಸುತ್ತವೆ. ಅತಿಥಿಗಳೆದುರು ಬೇಕಾದದ್ದು ವೇಳಾಪಟ್ಟಿಯಲ್ಲಿ ಬೇಡವೇ? ಮೈಸೂರು ವಿಶ್ವವಿದ್ಯಾನಿಲಯ 1965ರಲ್ಲೇ ನೃತ್ಯ ವಿಭಾಗ ತೆರೆದು ಕೆ. ವೆಂಕಟಲಕ್ಷಮ್ಮನವರನ್ನು ಕಲಿಸಲು ಕರೆಯಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಶಾಲೆಯ ಎಲ್ಲ ಹಂತಗಳಲ್ಲೂ ಕಲೆ ಪಾಠವಿಷಯವಾಗಲಿ ಎಂದಿತು. ನೃತ್ಯವನ್ನೂ ಅದರಲ್ಲಿ ಸೇರಿಸಿತು. ಆದರೂ ನಮ್ಮ ಶಾಲೆಗಳಿಗೆ ಅದು ಕಾಲಹರಣ!

"ತಕಿಟ"ದ ಮೂರು, "ತಕಧಿಮಿ"ಯ ನಾಲ್ಕು ಹನ್ನೆರಡರಲ್ಲಿ ಕೂಡುವುದನ್ನು ಕಾಲಿನಲ್ಲೇ ಅರಿತ ಹುಡುಗಿಯನ್ನು ಲ.ಸಾ.ಅ. ಹೆದರಿಸದು, ನಿಜ. ಆದರೆ ಗಣಿತಕ್ಕೆ ನೆರವಾದೀತೆಂದು ನಾನು ನೃತ್ಯ ಕೇಳುತ್ತಿಲ್ಲ. ತಲೆ ತಗ್ಗಿಸಿ ನಡೆ ಎಂಬುದನ್ನೇ ಕೇಳಿ ಬೆಳೆಯುವ ಹುಡುಗಿಯರಿಗೆ ಬೆನ್ನು ನೆಟ್ಟಗಿಟ್ಟು ನಿಲ್ಲುವ ಒಂದು ಪೀರಿಯಡ್ ಬೇಕು. ಫೀಸು ಕೊಡಬಲ್ಲವರ ಮಕ್ಕಳು ಹೊರಗೆ ಕಲಿತಾರು. ನಮ್ಮ ಮನೆಗೆಲಸದಾಕೆಯ ಮಗಳು ಎಲ್ಲಿಗೆ ಹೋಗಬೇಕು?

ಮುಂದಿನ ಪೋಷಕರ ಸಭೆಯಲ್ಲಿ, ಅಂಕ ಕೇಳುವ ಮೊದಲು, ಇದನ್ನು ಕೇಳೋಣ.